ಮನೆಯ ಲೆಕ್ಕ, ಮನದ ಲೆಕ್ಕ

ನಮ್ಮ ಹಿರಿಯರು ಬರೆಸಿಟ್ಟ ಹಳೆಯ ಕ್ರಯಪತ್ರ, ವಿಭಾಗಪತ್ರಗಳನ್ನು ಬಿಚ್ಚಿ ನೋಡಿದರೆ ಅಲ್ಲಿ ಎರಡು ಶಬ್ದಗಳು ಜೊತೆಜೊತೆಯಾಗಿ ಬರುತ್ತವೆ: ಸ್ಥಾವರ ಮತ್ತು ಜಂಗಮ. ಹೊಲ, ಮನೆ, ಬಾವಿಗಳು ಸ್ಥಾವರ ಸ್ವತ್ತು. ದನಕರು, ಪಾತ್ರೆಪಡಗ, ಒಡವೆ-ವಸ್ತುಗಳು ಜಂಗಮ ಸ್ವತ್ತು. ಶರಣರು ಇವೇ ಎರಡು ಶಬ್ದಗಳನ್ನು ಎತ್ತಿಕೊಂಡು ಅವುಗಳಲ್ಲಿ ಅನುಭಾವದ ಅರ್ಥವನ್ನು ತುಂಬಿದರು. ಕಟ್ಟಿ ನಿಲ್ಲಿಸಿದ್ದು ಸ್ಥಾವರವಾಯಿತು, ಅರಿವಿನಿಂದ ನಡೆಯುವುದು ಜಂಗಮವಾಯಿತು. ಇಂದಿನ ಮಹಾನಗರಗಳ ಮನೆಪೇಟೆ ಈ ಎರಡೂ ಅರ್ಥಗಳನ್ನು ಬುಡಮೇಲು ಮಾಡಿಬಿಟ್ಟಿದೆ. ಅಲ್ಲಿ ಮನೆಯ ಗೋಡೆಗಳು ನಿಂತಲ್ಲೇ ನಿಂತಿರುತ್ತವೆ. ಅದರ ಬೆಲೆ ಮಾತ್ರ ಏರಿಳಿಯುತ್ತದೆ, ಅದರ ಹಕ್ಕುಪತ್ರ ಕೈಯಿಂದ ಕೈಗೆ ಓಡುತ್ತದೆ. ಆ ಗೋಡೆಗಳ ನಡುವೆ ಬೇರುಬಿಟ್ಟು ಬಾಳಬೇಕಾಗಿದ್ದ ಸಂಸಾರ ಗಂಟುಮೂಟೆ ಕಟ್ಟಿ ಹೊರಡುತ್ತದೆ. ಈ ಹೊರಡುವಿಕೆಯನ್ನು ಜಂಗಮತ್ವವೆಂದು ಯಾರೂ ಭ್ರಮಿಸಬಾರದು. ಜಂಗಮನು ತನ್ನ ಅರಿವಿನಿಂದ ನಡೆಯುತ್ತಾನೆ. ಈ ಸಂಸಾರವನ್ನು ಬೇರೆ ಯಾರದೋ ಲೆಕ್ಕ ನೂಕುತ್ತದೆ.

ಆ ಲೆಕ್ಕವನ್ನೇ ಹಿಡಿದು, ಅಂಕಿಅಂಶಗಳನ್ನೇ ಬಣ್ಣ-ಕುಂಚಗಳನ್ನಾಗಿ ಮಾಡಿಕೊಂಡು ರಚಿತವಾದ ಅಮೆರಿಕದ ಮೂರು ಕೃತಿಗಳನ್ನು ಕುರಿತು ಈ ತಿಂಗಳು ಓದುಗರೊಡನೆ ವಿಚಾರ ಮಾಡಬೇಕೆಂದು ನಮಗೆ ಅನ್ನಿಸಿದೆ. ಕಲೆಯ ವಿಮರ್ಶೆ ಮಾಡುವುದು ನಮ್ಮ ಉದ್ದೇಶವಲ್ಲ. ಮನೆಯುಳ್ಳವರೂ ಮನೆಯಿಲ್ಲದವರೂ ಕೂಡಿರುವ ನಮ್ಮ ಸಮಾಜಕ್ಕೆ ಆ ಕೃತಿಗಳಲ್ಲಿ ಒಂದು ಪಾಠವಿದೆಯೆಂಬ ನಂಬಿಕೆಯಿಂದ ಬರೆಯುತ್ತಿದ್ದೇವೆ.

ಮೊದಲು ಈ ವಿಷಯಕ್ಕೆ ಪಶ್ಚಿಮದವರು ಇಟ್ಟ ಹೆಸರನ್ನು ತಿಳಿಯೋಣ. 1964ರಲ್ಲಿ ರೂತ್ ಗ್ಲಾಸ್ ಎಂಬ ಸಮಾಜಶಾಸ್ತ್ರಜ್ಞೆ ಲಂಡನ್ ನಗರದಲ್ಲಿ ನಡೆಯುತ್ತಿದ್ದ ಒಂದು ಬದಲಾವಣೆಯನ್ನು ಗುರುತಿಸಿ ಅದನ್ನು ‘ಜೆಂಟ್ರಿಫಿಕೇಶನ್’ ಎಂದು ಕರೆದರು. ‘ಜೆಂಟ್ರಿ’ ಎಂದರೆ ಆ ದೇಶದ ಸ್ಥಿತಿವಂತ ಮೇಲುವರ್ಗ. ದುಡಿಯುವ ಜನ ವಾಸಿಸುತ್ತಿದ್ದ ಹಳೆಯ ಬೀದಿಗಳಿಗೆ ಹಣವುಳ್ಳವರು ಒಬ್ಬೊಬ್ಬರಾಗಿ ಬರುತ್ತಾರೆ, ಸಣ್ಣ ಮನೆಗಳು ದುರಸ್ತಿಯಾಗಿ ದುಬಾರಿಯಾಗುತ್ತವೆ, ಬಾಡಿಗೆ ಏರುತ್ತದೆ, ಕೊನೆಗೆ ಮೊದಲಿದ್ದವರಲ್ಲಿ ಹೆಚ್ಚಿನವರು ಅಲ್ಲಿ ಉಳಿಯುವುದಿಲ್ಲ. ಬೀದಿಯ ಹೆಸರು ಅದೇ ಇರುತ್ತದೆ, ಬೀದಿಯ ಜನ ಬೇರೆಯಾಗಿರುತ್ತಾರೆ. ಇದನ್ನು ಯಾವ ಸೈನ್ಯವೂ ಬಂದು ಮಾಡುವುದಿಲ್ಲ. ಪ್ರತಿಯೊಂದು ಕ್ರಯವೂ ನ್ಯಾಯಬದ್ಧವಾಗಿಯೇ ನೋಂದಣಿಯಾಗಿರುತ್ತದೆ. ಆದುದರಿಂದಲೇ ಇದು ಕಣ್ಣಿಗೆ ಬೀಳುವುದು ಕಷ್ಟ.

ಕಣ್ಣಿಗೆ ಬೀಳದ್ದನ್ನು ಕಣ್ಣಿಗೆ ಬೀಳಿಸುವ ಕೆಲಸವನ್ನು 1971ರಲ್ಲಿ ಹ್ಯಾನ್ಸ್ ಹಾಕೆ ಎಂಬ ಕಲಾವಿದರು ಕೈಗೊಂಡರು. 1936ರಲ್ಲಿ ಜರ್ಮನಿಯ ಕೊಲೋನ್ ನಗರದಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲೆಸಿದ್ದವರು ಅವರು. ನ್ಯೂಯಾರ್ಕಿನ ಸರ್ಕಾರಿ ಕಚೇರಿಯಲ್ಲಿ ಯಾರು ಬೇಕಾದರೂ ನೋಡಬಹುದಾಗಿದ್ದ ಭೂದಾಖಲೆಗಳನ್ನು ಅವರು ಕುಳಿತು ಓದಿದರು. ಬಡವರು ಕಿಕ್ಕಿರಿದು ವಾಸಿಸುತ್ತಿದ್ದ ಹಾರ್ಲೆಮ್ ಮತ್ತು ಲೋಯರ್ ಈಸ್ಟ್ ಸೈಡ್ ಎಂಬ ಭಾಗಗಳಲ್ಲಿ ಬಹಳ ಕಟ್ಟಡಗಳು ಬೇರೆಬೇರೆ ಕಂಪನಿಗಳ ಹೆಸರಿನಲ್ಲಿದ್ದವು. ಹಾಕೆಯವರು ಎಳೆ ಹಿಡಿದು ಹೋದಂತೆ ಆ ಕಂಪನಿಗಳೆಲ್ಲ ಒಂದೇ ಕುಟುಂಬ ಮತ್ತು ಅದರ ಸಹವರ್ತಿಗಳ ಬಳಗಕ್ಕೆ ಸೇರಿದವೆಂದು ಕಂಡಿತು. ಕಟ್ಟಡಗಳು ಆ ಬಳಗದೊಳಗೆಯೇ ಒಂದು ಹೆಸರಿನಿಂದ ಮತ್ತೊಂದು ಹೆಸರಿಗೆ ಮಾರಾಟವಾಗುತ್ತಿದ್ದವು, ಅಡವಿಡಲ್ಪಡುತ್ತಿದ್ದವು.

ಇದನ್ನು ಅವರು ಹೇಗೆ ತೋರಿಸಿದರೆಂಬುದು ಗಮನಾರ್ಹ. 142 ಕಟ್ಟಡ ಹಾಗೂ ಖಾಲಿ ನಿವೇಶನಗಳ ಮುಂದೆ ನಿಂತು ಒಂದೊಂದರ ಛಾಯಾಚಿತ್ರ ತೆಗೆದರು. ಅಲಂಕಾರವಿಲ್ಲ, ನೆರಳು-ಬೆಳಕಿನ ಚಮತ್ಕಾರವಿಲ್ಲ. ಬೀದಿಯಲ್ಲಿ ಹೋಗುವವನಿಗೆ ಕಂಡಂತೆ ಕಪ್ಪು-ಬಿಳುಪಿನ ಚಿತ್ರ. ಪ್ರತಿಯೊಂದು ಚಿತ್ರದ ಕೆಳಗೆ ಬೆರಳಚ್ಚು ಮಾಡಿದ ಒಂದು ಹಾಳೆ: ವಿಳಾಸ, ನಿವೇಶನದ ಸಂಖ್ಯೆ, ಅಳತೆ, ಮಾಲೀಕರ ಹೆಸರು, ಕೊಂಡ ದಿನಾಂಕ, ಹಿಂದಿನ ಮಾಲೀಕರು, ಅಡಮಾನದ ವಿವರ, ತೆರಿಗೆಗೆ ಕಟ್ಟಿದ ಬೆಲೆ. ಇವುಗಳ ಜೊತೆಗೆ ಎರಡು ನಕಾಶೆಗಳು, ಯಾರು ಯಾರಿಗೆ ಏನು ಮಾರಿದರು ಎಂಬುದನ್ನು ಗೆರೆಗಳಿಂದ ಕೂಡಿಸಿ ತೋರಿಸುವ ಆರು ಪಟ್ಟಿಗಳು. ಆ ಕುಟುಂಬದ ಹೆಸರಿನಿಂದ ಈ ಕೃತಿಯನ್ನು ‘ಶಪೋಲ್ಸ್ಕಿ ಮತ್ತಿತರರ ಮ್ಯಾನ್‌ಹಟನ್ ಸ್ಥಿರಾಸ್ತಿಗಳು’ ಎಂದು ಕರೆಯಲಾಯಿತು. 1971ರ ಮೇ 1ರಂದು ಇದ್ದ ಸ್ಥಿತಿಯೆಂದೂ ಶೀರ್ಷಿಕೆಯಲ್ಲಿಯೇ ನಮೂದಾಯಿತು. ಎಲ್ಲಿಯೂ ಬೈಗುಳವಿಲ್ಲ, ಆಪಾದನೆಯಿಲ್ಲ, ಕರುಣಾಜನಕ ವರ್ಣನೆಯೂ ಇಲ್ಲ. ದಾಖಲೆಯಲ್ಲಿದ್ದದ್ದು ಗೋಡೆಗೆ ಬಂದಿತು, ಅಷ್ಟೆ.

ಅಷ್ಟಕ್ಕೇ ದೊಡ್ಡ ಕೋಲಾಹಲವಾಯಿತು. ನ್ಯೂಯಾರ್ಕಿನ ಪ್ರಸಿದ್ಧ ಗುಗೆನ್‌ಹೈಮ್ ವಸ್ತುಸಂಗ್ರಹಾಲಯದಲ್ಲಿ ನಡೆಯಬೇಕಾಗಿದ್ದ ಹಾಕೆಯವರ ಪ್ರದರ್ಶನವನ್ನು ನಿರ್ದೇಶಕ ಥಾಮಸ್ ಮೆಸರ್ ಅವರು ಆರಂಭಕ್ಕೆ ಕೆಲವು ವಾರಗಳಿರುವಾಗ ರದ್ದುಪಡಿಸಿದರು. ಕಲಾಮಂದಿರವು ಸಾಮಾಜಿಕ, ರಾಜಕೀಯ ಉದ್ದೇಶಗಳ ವೇದಿಕೆಯಾಗಬಾರದು ಎಂಬುದು ಅವರ ವಾದವಾಗಿತ್ತು. ಕಲಾವಿದರ ಪಕ್ಷ ವಹಿಸಿದ ಸಂಗ್ರಹಾಲಯದ ಕ್ಯೂರೇಟರ್ ಎಡ್ವರ್ಡ್ ಫ್ರೈ ಅವರು ಕೆಲಸ ಕಳೆದುಕೊಂಡರು. ಕಾಲಚಕ್ರ ತಿರುಗಿತು. 2007ರಲ್ಲಿ ಅದೇ ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯವೂ ಸ್ಪೇನಿನ ಬಾರ್ಸಿಲೋನಾದ ಸಮಕಾಲೀನ ಕಲಾ ಸಂಗ್ರಹಾಲಯವೂ ಜೊತೆಗೂಡಿ ಆ ಕೃತಿಯನ್ನು ಕೊಂಡವು. ಒಮ್ಮೆ ಬಾಗಿಲಲ್ಲೇ ತಡೆಯಲ್ಪಟ್ಟದ್ದು ಇಂದು ಕಲೆಯ ಇತಿಹಾಸದ ಪಾಠವಾಗಿದೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಆ ದಾಖಲೆಗಳು ಗುಟ್ಟಿನವಾಗಿರಲಿಲ್ಲ. ವರ್ಷಾನುವರ್ಷ ಕಚೇರಿಯಲ್ಲಿ ತೆರೆದೇ ಇದ್ದವು. ಆಗ ಯಾರಿಗೂ ಆಗದ ಕಸಿವಿಸಿ ಅವು ಗೋಡೆಗೆ ಬಂದಾಗ ಏಕಾಯಿತು? ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ನಮ್ಮ ಮನಸ್ಸು ಆಯ್ದಕ್ಕಿ ಲಕ್ಕಮ್ಮನ ಕಡೆಗೆ ಹೊರಳುತ್ತದೆ.

ಆಯ್ದಕ್ಕಿ ಮಾರಯ್ಯನ ಕಾಯಕವು ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದಾಗಿತ್ತು. ಆ ಅಕ್ಕಿಯಿಂದ ಸತಿಪತಿಗಳ ದಾಸೋಹ ನಡೆಯುತ್ತಿತ್ತು. ಒಂದು ದಿನ ನೆಲದ ಮೇಲೆ ಎಂದಿಗಿಂತ ಹೆಚ್ಚು ಅಕ್ಕಿ ಬಿದ್ದಿತ್ತು. ಮಾರಯ್ಯ ಅದನ್ನೆಲ್ಲ ಆಯ್ದು ಮನೆಗೆ ತಂದ. ಲಕ್ಕಮ್ಮ ಅದನ್ನು ನೋಡಿದ ಕೂಡಲೇ ಇದು ನಮ್ಮ ಕಾಯಕದ ಅಳತೆಗೆ ಮೀರಿದ್ದೆಂದು ತಿಳಿದಳು, ಹೆಚ್ಚಿನದನ್ನು ತಿರುಗಿ ಅಲ್ಲಿಯೇ ಹಾಕಿ ಬರುವಂತೆ ಪತಿಗೆ ಹೇಳಿದಳು. ಈ ಕಥೆಯನ್ನು ನಾವು ನಿರಾಸೆಯ ದೃಷ್ಟಾಂತವಾಗಿ ಹೇಳುತ್ತ ಬಂದಿದ್ದೇವೆ, ಅದು ಸರಿಯೂ ಹೌದು. ಆದರೆ ಅದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಲಕ್ಕಮ್ಮನಿಗೆ ಹೆಚ್ಚು ಕಂಡದ್ದು ಹೇಗೆ? ಆಕೆಗೆ ನಿತ್ಯದ ಅಳತೆ ಗೊತ್ತಿತ್ತು. ಅಳತೆ ಗೊತ್ತಿಲ್ಲದವಳಿಗೆ ಅಂದಿನ ಅಕ್ಕಿ ಕೇವಲ ಅದೃಷ್ಟವಾಗಿ ಕಾಣುತ್ತಿತ್ತು. ಲೆಕ್ಕವು ಆಕೆಯ ಕೈಯಲ್ಲಿ ಧರ್ಮದ ಸಾಧನವಾಯಿತು.

ಹಾಕೆಯವರ ಗೋಡೆಯು ನ್ಯೂಯಾರ್ಕಿಗೆ ಮಾಡಿದ್ದು ಅದನ್ನೇ ಎಂದು ನಮ್ಮ ಭಾವನೆ. ಕಚೇರಿಯ ಕಪಾಟಿನಲ್ಲಿ ಚದುರಿದ್ದ ಅಕ್ಕಿಯನ್ನು ಒಂದೇ ಮೊರದಲ್ಲಿ ಹಾಕಿ ಊರಿನ ಮುಂದೆ ಇಟ್ಟರು. ಒಂದೊಂದೇ ಕಾಳಾಗಿದ್ದಾಗ ಯಾರಿಗೂ ತಿಳಿಯದ ಅತಿ, ರಾಶಿಯಾದಾಗ ತಿಳಿಯಿತು.

ಎರಡನೆಯ ಕೃತಿ ನಮ್ಮ ತಾಯಂದಿರಿಗೆ ಬಹಳ ಹತ್ತಿರದ್ದು, ಏಕೆಂದರೆ ಅದು ಕೌದಿ. ಅದರ ಹಿನ್ನೆಲೆಯನ್ನು ಮೊದಲು ತಿಳಿಯಬೇಕು. ಈ ಶತಮಾನದ ಆರಂಭದಲ್ಲಿ ಅಮೆರಿಕದ ಸಾಲಸಂಸ್ಥೆಗಳು ಮರುಪಾವತಿಯ ಶಕ್ತಿಯನ್ನು ಸರಿಯಾಗಿ ವಿಚಾರಿಸದೆ ಮನೆಸಾಲಗಳನ್ನು ಹಂಚಿದವು. ಅನೇಕ ಸಾಲಗಳಲ್ಲಿ ಮೊದಲ ಎರಡು ಮೂರು ವರ್ಷ ಬಡ್ಡಿ ಕಡಿಮೆ, ಅನಂತರ ಒಮ್ಮೆಲೇ ಹೆಚ್ಚು. ಸಾಲ ಕೊಟ್ಟವರು ಆ ಸಾಲಪತ್ರಗಳನ್ನು ಕಟ್ಟುಕಟ್ಟಾಗಿ ಮಾಡಿ ದೂರದ ಹೂಡಿಕೆದಾರರಿಗೆ ಮಾರಿ ಕೈತೊಳೆದುಕೊಂಡರು. ಮನೆಯ ಬೆಲೆ ಏರುತ್ತಲೇ ಇರುತ್ತದೆಂಬ ನಂಬಿಕೆಯ ಮೇಲೆ ಈ ಕಟ್ಟೋಣವೆಲ್ಲ ನಿಂತಿತ್ತು. 2006ರ ಬಳಿಕ ಬೆಲೆ ಕುಸಿಯಿತು. ಕಂತು ಕಟ್ಟಲಾಗದವರ ಮನೆಗಳು ಮುಟ್ಟುಗೋಲಾದವು. 2008ರ ಸೆಪ್ಟೆಂಬರ್ 15ರಂದು ಲೇಮನ್ ಬ್ರದರ್ಸ್ ಎಂಬ ದೊಡ್ಡ ಹಣಕಾಸು ಸಂಸ್ಥೆ ದಿವಾಳಿಯಾಯಿತು, ಅದರ ಬಿಸಿ ಲೋಕಕ್ಕೆಲ್ಲ ತಟ್ಟಿತು. ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಬೀದಿಬೀದಿಗಳೇ ಖಾಲಿಯಾದವು. ಆ ನಗರದ ಆಡಳಿತವು 2008ರ ಜನವರಿಯಲ್ಲಿ 21 ಹಣಕಾಸು ಸಂಸ್ಥೆಗಳ ಮೇಲೆ ದಾವೆ ಹೂಡಿತು. ನ್ಯಾಯಾಲಯ ಅದನ್ನು ವಜಾ ಮಾಡಿತು.

ನ್ಯಾಯಾಲಯದಲ್ಲಿ ನಿಲ್ಲದ ದುಃಖವನ್ನು ಕ್ಯಾಥರಿನ್ ಕ್ಲಾರ್ಕ್ ಎಂಬ ಮಹಿಳೆ ಬಟ್ಟೆಯ ಮೇಲೆ ನಿಲ್ಲಿಸಿದರು. ಇವರು ಮೊದಲು ನಗರಯೋಜನೆಯ ಕ್ಷೇತ್ರದಲ್ಲಿ ಕೆಲಸ ಮಾಡಿದವರು. ಬಡಾವಣೆಯ ನಕಾಶೆಯನ್ನು ಓದಬಲ್ಲವರು. ಅವರು ಒಂದೊಂದು ನಗರದ ಒಂದೊಂದು ಬಡಾವಣೆಯನ್ನು ಆರಿಸಿಕೊಂಡು, ಅದರ ನಕಾಶೆಯಂತೆ ಬಟ್ಟೆಯ ತುಂಡುಗಳನ್ನು ಜೋಡಿಸಿ, ಬೀದಿಗಳನ್ನೂ ನಿವೇಶನಗಳನ್ನೂ ದಾರದಲ್ಲಿ ಹೊಲಿದರು. ಮುಟ್ಟುಗೋಲಾದ ಮನೆಗಳ ಮಾಹಿತಿಯನ್ನು ತರಿಸಿಕೊಂಡು, ಆ ನಿವೇಶನಗಳಿದ್ದ ಜಾಗದಲ್ಲಿ ಬಟ್ಟೆಗೆ ತೂತು ಬಿಟ್ಟರು. ಕ್ಲೀವ್‌ಲ್ಯಾಂಡ್, ಡೆಟ್ರಾಯಿಟ್, ಲಾಸ್ ವೇಗಸ್ ಮೊದಲಾದ ನಗರಗಳ ಕೌದಿಗಳು ಹೀಗೆ ಸಿದ್ಧವಾದವು. ಬಣ್ಣಬಣ್ಣದ ಮೋಹಕ ಕೌದಿಗಳಲ್ಲ ಅವು. ಮಾಸಿದ ಬಟ್ಟೆ, ಬಿಟ್ಟುಹೋದ ಅಂಚು, ನಡುನಡುವೆ ಬೆಳಕು ತೂರುವ ತೂತು.

ಕೌದಿ ಎಂದರೇನೆಂಬುದನ್ನು ಉತ್ತರ ಕರ್ನಾಟಕದ ಓದುಗರಿಗೆ ನಾವು ಹೇಳಬೇಕಾಗಿಲ್ಲ. ಅಜ್ಜಿಯ ಇಳಕಲ್ಲ ಸೀರೆ, ಅಜ್ಜನ ಧೋತರ, ಕೂಸಿನ ಅಂಗಿ ಎಲ್ಲವೂ ಹರಿದ ಮೇಲೆ ಒಂದಾಗಿ ಸೇರುವ ಸ್ಥಳ ಅದು. ಅಮೆರಿಕದಲ್ಲಿಯೂ ಕಷ್ಟಕಾಲದಲ್ಲಿ ಹೆಣ್ಣುಮಕ್ಕಳು ಚಿಂದಿಯನ್ನು ಕೂಡಿಸಿ ಕೌದಿ ಹೊಲಿದ ಪರಂಪರೆಯಿದೆ. ಕ್ಲಾರ್ಕ್ ಅವರು ಅದನ್ನು ನೆನೆದೇ ಈ ಮಾಧ್ಯಮವನ್ನು ಆರಿಸಿಕೊಂಡರು. ಕೌದಿಯ ಧರ್ಮ ಬೆಚ್ಚಗಿಡುವುದು. ತೂತುಬಿದ್ದ ಕೌದಿ ಬೆಚ್ಚಗಿಡದು. ಒಂದು ಮನೆ ಹೋದರೆ ಆ ಮನೆಯವರಿಗೆ ಮಾತ್ರ ನಷ್ಟವೆಂದು ನಾವು ತಿಳಿಯುತ್ತೇವೆ. ಆ ಕೌದಿಯನ್ನು ನೋಡಿದವರಿಗೆ ತಿಳಿಯುವುದು ಬೇರೆ: ತೂತಿನ ಪಕ್ಕದ ಹೊಲಿಗೆಯೂ ಸಡಿಲವಾಗಿರುತ್ತದೆ. ಖಾಲಿ ಮನೆಯ ನೆರೆಮನೆಯ ಬೆಲೆಯೂ ಇಳಿಯಿತು, ಬೀದಿಯ ಅಂಗಡಿಯೂ ಮುಚ್ಚಿತು. ಅಂಕಿಯ ಪಟ್ಟಿಯಲ್ಲಿ ಬೇರೆಬೇರೆ ಸಾಲಿನಲ್ಲಿದ್ದವರು ಬಟ್ಟೆಯಲ್ಲಿ ಒಂದೇ ದಾರಕ್ಕೆ ಬಂದರು.

ಇಷ್ಟಾದರೂ ಒಂದು ಸಂಶಯ ಉಳಿಯುತ್ತದೆ. ಮನುಷ್ಯರನ್ನು ಅಂಕಿಯಾಗಿ ಮಾಡುವುದೇ ಮನೆಪೇಟೆಯ ದೋಷವಾಗಿರುವಾಗ, ಕಲಾವಿದನೂ ಅವರನ್ನು ಅಂಕಿಯಾಗಿ ಮಾಡಿದರೆ ಏನು ಹೆಚ್ಚಾಯಿತು? ಹಾಕೆಯವರ 142 ಚಿತ್ರಗಳಲ್ಲಿ ಗೋಡೆಗಳಿವೆ, ಗೋಡೆಯ ಒಳಗಿನವರಿಲ್ಲ. ತೂತು ಎಷ್ಟೇ ಮಾರ್ಮಿಕವಾದರೂ ಅದಕ್ಕೆ ಬಾಯಿಲ್ಲ. ಈ ಸಂಶಯಕ್ಕೆ ಉತ್ತರವನ್ನು ಕೊಡಲು ಯತ್ನಿಸಿದ್ದು ಮೂರನೆಯ ಕೃತಿ. ಅದು ಒಬ್ಬರದಲ್ಲ, ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ 2013ರಲ್ಲಿ ಆರಂಭವಾದ ‘ಆಂಟಿ ಎವಿಕ್ಷನ್ ಮ್ಯಾಪಿಂಗ್ ಪ್ರಾಜೆಕ್ಟ್’ ಎಂಬ ಗುಂಪಿನದು. ಮನೆ ಬಿಡಿಸುವುದನ್ನು ವಿರೋಧಿಸಿ ನಕಾಶೆ ಬರೆಯುವವರ ಕೂಟ ಎನ್ನಬಹುದು.

ಆ ನಗರದಲ್ಲಿ 1979ಕ್ಕಿಂತ ಮುಂಚಿನ ಬಹುಮಟ್ಟಿನ ಬಾಡಿಗೆಮನೆಗಳಿಗೆ ಬಾಡಿಗೆಯನ್ನು ಮನಬಂದಂತೆ ಏರಿಸದಂತೆ ಮಿತಿಯಿದೆ. ಆದರೆ 1985ರ ಎಲ್ಲಿಸ್ ಕಾಯ್ದೆ ಎಂಬ ರಾಜ್ಯದ ಕಾನೂನಿನ ಪ್ರಕಾರ, ಬಾಡಿಗೆಯ ವ್ಯವಹಾರವೇ ಸಾಕೆನ್ನುವ ಮಾಲೀಕನು ಕಟ್ಟಡದ ಎಲ್ಲ ಬಾಡಿಗೆದಾರರನ್ನೂ ಬಿಡಿಸಬಹುದು. ವಯಸ್ಸಾದ ಸಣ್ಣ ಮಾಲೀಕನಿಗೆ ಇದು ನ್ಯಾಯವಾದ ಅನುಕೂಲವೇ ಸರಿ. ಆದರೆ ಕಟ್ಟಡವನ್ನು ಕೊಂಡ ಅಲ್ಪಕಾಲದಲ್ಲಿಯೇ, ಬಾಡಿಗೆಯ ವ್ಯವಹಾರವನ್ನು ನಡೆಸದೆಯೇ ಅದನ್ನು ಬಿಡುತ್ತೇವೆಂದು ಹೇಳಿ, ಜನರನ್ನು ಬಿಡಿಸಿ, ಖಾಲಿ ಕಟ್ಟಡವನ್ನು ಹೆಚ್ಚಿನ ಬೆಲೆಗೆ ಮಾರುವವರೂ ಹುಟ್ಟಿಕೊಂಡರು. ಈ ಕೂಟದವರು ನಗರದ ದಾಖಲೆಗಳಿಂದ ಇಂಥ ಬಿಡಿಸುವಿಕೆಗಳನ್ನು ಆಯ್ದು, ವರ್ಷ ಉರುಳಿದಂತೆ ನಗರದ ನಕಾಶೆಯ ಮೇಲೆ ಒಂದೊಂದು ಚುಕ್ಕೆ ಸಿಡಿದು ಮೂಡುವಂತೆ ಮಾಡಿದರು. ಮುಂದೆ ಅವರು ಅಲ್ಲಿಗೇ ನಿಲ್ಲದೆ ಮನೆ ಬಿಟ್ಟವರ ಬಳಿಗೆ ಹೋಗಿ ಅವರ ಕಥೆಯನ್ನು ಅವರದೇ ದನಿಯಲ್ಲಿ ಧ್ವನಿಮುದ್ರಿಸಿದರು. ಈ ನಕಾಶೆಯಲ್ಲಿ ಚುಕ್ಕೆಯನ್ನು ಮುಟ್ಟಿದರೆ ಮನುಷ್ಯರ ಮಾತು ಕೇಳುತ್ತದೆ. ಅಂಕಿಗೆ ಬಾಯಿ ಬಂದಂತಾಯಿತು. 2021ರಲ್ಲಿ ಈ ಕೆಲಸವು ‘ಕೌಂಟರ್‌ಪಾಯಿಂಟ್ಸ್’ ಎಂಬ ಹೆಸರಿನ ನಕಾಶೆಗಳ ಗ್ರಂಥವಾಗಿಯೂ ಹೊರಬಂದಿತು.

ಸ್ಯಾನ್ ಫ್ರಾನ್ಸಿಸ್ಕೋ ಎಂದೊಡನೆ ಓದುಗರಲ್ಲಿ ಹಲವರ ಕಿವಿ ನೆಟ್ಟಗಾಗಬಹುದು. ನಮ್ಮ ಸಮಾಜದ ಮಕ್ಕಳೂ ಮೊಮ್ಮಕ್ಕಳೂ ಆ ಕೊಲ್ಲಿಯ ಸುತ್ತಮುತ್ತ ಗಣಕಯಂತ್ರದ ಕಂಪನಿಗಳಲ್ಲಿ ದುಡಿಯುತ್ತಿದ್ದಾರೆ. 2013ರ ಕೊನೆಯಲ್ಲಿ ಇಂಥ ಕಂಪನಿಗಳ ನೌಕರರನ್ನು ಕರೆದೊಯ್ಯುವ ಬಸ್ಸುಗಳನ್ನೇ ಆ ನಗರದ ಜನ ಬೀದಿಯಲ್ಲಿ ತಡೆದು ನಿಲ್ಲಿಸಿದರು. ಬಸ್ಸಿನೊಳಗೆ ಕುಳಿತವರು ದುಷ್ಟರಾಗಿರಲಿಲ್ಲ. ತಮ್ಮ ಕಾಯಕಕ್ಕೆ ಹೊರಟವರಾಗಿದ್ದರು. ಹೊರಗೆ ನಿಂತವರೂ ದುಷ್ಟರಾಗಿರಲಿಲ್ಲ. ತಾವು ಹುಟ್ಟಿ ಬೆಳೆದ ಬೀದಿಯಲ್ಲಿ ಉಳಿಯಬೇಕೆಂದವರಾಗಿದ್ದರು. ಕೆಲಸಗಳು ಹೆಚ್ಚಿದಷ್ಟು ಮನೆಗಳು ಹೆಚ್ಚಲಿಲ್ಲವೆಂಬುದೂ ಅಲ್ಲಿಯ ಸಂಕಟಕ್ಕೆ ದೊಡ್ಡ ಕಾರಣ. ಹೊಸಬರು ಬಂದರೆ ಬೀದಿ ಶುಚಿಯಾಗುತ್ತದೆ, ವ್ಯಾಪಾರ ಬೆಳೆಯುತ್ತದೆ ಎಂಬ ಮಾತಿನಲ್ಲಿಯೂ ಸತ್ಯವಿದೆ. ನಾವು ಒಂದು ಪಕ್ಷವನ್ನು ಹಿಡಿದು ಮತ್ತೊಂದನ್ನು ಹಳಿಯಲಾರೆವು. ಆದರೆ ಕಾಯಕವು ಶುದ್ಧವಾಗಿರುವುದೆಂದರೆ ಸಂಬಳ ಶುದ್ಧವಾಗಿರುವುದಷ್ಟೇ ಅಲ್ಲ. ನಾವು ಬಂದು ನೆಲೆಸಿದ ಮನೆಯಲ್ಲಿ ಮೊದಲಿದ್ದವರು ಯಾರು, ಅವರು ಹೇಗೆ ಹೋದರು ಎಂದು ಒಮ್ಮೆಯಾದರೂ ಕೇಳಿಕೊಳ್ಳುವುದು ಕಾಯಕಜೀವಿಯ ಕರ್ತವ್ಯದೊಳಗೆ ಸೇರಿದೆ.

ಈ ಪ್ರಶ್ನೆ ಸಮುದ್ರದಾಚೆಗೇ ಮುಗಿಯುವುದಿಲ್ಲ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿ ಬಹುಕಾಲದಿಂದ ನಡೆದುಬಂದಿದೆ. 2021ರಲ್ಲಿ ಕೇಂದ್ರ ಸರ್ಕಾರ ಸಿದ್ಧಪಡಿಸಿದ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡು ತಿಂಗಳಿಗೆ ಮೀರದ ಮುಂಗಡ ಸಾಕೆಂದು ಸೂಚಿಸಿತು. ಮುಂಗಡ ಕೇಳುವವರಲ್ಲಿಯೂ ಅದನ್ನು ಹೊಂದಿಸಲು ಒಡವೆ ಅಡವಿಡುವವರಲ್ಲಿಯೂ ನಮ್ಮವರಿದ್ದಾರೆ. ಒಂದೇ ಬಾಡಿಗೆಮನೆಯ ಆದಾಯದಲ್ಲಿ ಬದುಕುವ ವಿಧವೆ ತಾಯಿ ಬಾಡಿಗೆ ಏರಿಸಿದರೆ ಅದನ್ನು ಲೋಭವೆನ್ನಲಾಗದು. ಆಕೆಯ ಅಳತೆ ಆಕೆಗೆ ಗೊತ್ತಿದೆ. ಅಳತೆಯನ್ನೇ ಇಟ್ಟುಕೊಳ್ಳದೆ, ಪಕ್ಕದವರು ಏರಿಸಿದರೆಂದು ತಾವೂ ಏರಿಸುವವರ ವಿಷಯ ಬೇರೆ. ನೆರೆಯವನ ರಾಶಿಯನ್ನು ನೋಡಿ ಆಯ್ದುಕೊಳ್ಳುವುದು ಲಕ್ಕಮ್ಮನ ಕ್ರಮವಲ್ಲ.

ಅನ್ನ, ಅಕ್ಷರ, ಆಶ್ರಯ ಈ ಮೂರನ್ನೂ ದಾಸೋಹವೆಂದು ಕರೆದ ಪರಂಪರೆ ನಮ್ಮದು. ಮಠಗಳ ಉಚಿತ ಪ್ರಸಾದ ನಿಲಯಗಳಲ್ಲಿ ಉಂಡು, ಮಲಗಿ, ಓದಿ ಮೇಲೆ ಬಂದವರು ನಮ್ಮ ಮನೆಮನೆಗಳಲ್ಲಿದ್ದಾರೆ. ಇಂದು ಅವರಲ್ಲಿ ಕೆಲವರಿಗೆ ನಗರದಲ್ಲಿ ಎರಡು, ಮೂರು ಮನೆಗಳಾಗಿವೆ. ಗಳಿಕೆಯನ್ನು ಶರಣರು ನಿಷೇಧಿಸಲಿಲ್ಲ. ಗಳಿಕೆಗೆ ಲೆಕ್ಕ ಬೇಕೆಂದರು, ಲೆಕ್ಕ ಸಮಾಜದ ಮುಂದೆ ಬಿಚ್ಚುವಂತಿರಬೇಕೆಂದರು.

ಬಾಡಿಗೆಗೆ ಮನೆ ಕೊಟ್ಟ ಸದ್ಭಕ್ತರಲ್ಲಿ ನಮ್ಮದೊಂದು ಚಿಕ್ಕ ವಿನಂತಿ. ಬಸವ ಜಯಂತಿಯ ಹೊತ್ತಿಗೆ ಒಂದು ಹಾಳೆಯನ್ನು ತೆಗೆದುಕೊಂಡು ಬರೆಯಿರಿ: ಈ ಮನೆಯಲ್ಲಿ ಯಾರಿದ್ದಾರೆ, ಎಷ್ಟು ವರ್ಷದಿಂದ ಇದ್ದಾರೆ, ಬಾಡಿಗೆಯನ್ನು ಎಷ್ಟು ಸಲ ಏರಿಸಿದೆವು, ಏರಿಸಿದಾಗ ನಮಗಿದ್ದ ಅಗತ್ಯ ಯಾವುದು, ಅವರ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ, ಮನೆ ಬಿಟ್ಟರೆ ಆ ಶಾಲೆ ಎಷ್ಟು ದೂರವಾಗುತ್ತದೆ. ಬರೆದದ್ದನ್ನು ಪೆಟ್ಟಿಗೆಯಲ್ಲಿಡದೆ ಮನೆಮಂದಿಯೆಲ್ಲ ಕುಳಿತಾಗ ಓದಿರಿ. ನ್ಯೂಯಾರ್ಕಿನ ಗೋಡೆಯ ಮೇಲೆ 142 ಹಾಳೆಗಳು ಬೇಕಾದವು. ನಮ್ಮ ಸಂಸಾರಕ್ಕೆ ಒಂದು ಸಾಕು. ಆ ಹಾಳೆಯನ್ನು ಮನೆಯ ಹೆಣ್ಣುಮಕ್ಕಳ ಕೈಯಲ್ಲಿ ಕೊಡಿರಿ. ಅಳತೆ ಮೀರಿದ್ದನ್ನು ಮೊದಲು ಕಂಡವಳು ಲಕ್ಕಮ್ಮನೇ ಅಲ್ಲವೆ?